ಘಾಟಿಯ ಆ ಕಡೆ

ಲೆಪರ್ಡ್ಸ್‌ಟೌನ್‌ನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಮೊನ್ನೆ ಯಾರೋ ಕಿತ್ತಳೆ ಸುಲಿದರು. ಆ ವಾಸನೆಗೆ, ಕಿಲ್ಕೆನ್ನಿಯಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಡಾಕ್ಟರು ನೆನಪಾದರು. ಬಸ್ಸಿನಲ್ಲಿ ವಾಂತಿ ಬರದಿರಲೆಂದು ಅವರು ಕಿತ್ತಳೆ ಸಿಪ್ಪೆ ಮೂಸುತ್ತ ಕೂರುತ್ತಿದ್ದರು. ಅಥವಾ ಅದು ನಿಂಬೆಹಣ್ಣೇ ಇದ್ದೀತು... ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಮೈಸೂರಿನಲ್ಲಿ ಓದಿ, ಇಲ್ಲಿ ಐರ್ಲೆಂಡಿನ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಒಂಟಿ ಜೀವ. ಸ್ಪೇನಿನ ಹಾಕಾ ಎಂಬ ಹಳೆಯ ಊರಿಗೆ ಹೋಗಬೇಕು, ಅಲ್ಲಿಂದ ಪಿರನೀಸ್ ಬೆಟ್ಟಗಳ ಘಾಟಿಯನ್ನು ನಡೆದೇ ಹತ್ತಿ ಫ್ರಾನ್ಸಿನ ಕಡೆ ಇಣುಕಬೇಕು ಎಂಬುದು ಅವರ ಆಸೆ. ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆ ಆಗಲೇ ಶುರುವಾಗಿತ್ತು. ಆ ಬೇಸಿಗೆ ತಪ್ಪಿದರೆ ಮತ್ತೆ ಆಗದೆಂದು ಡಾಕ್ಟರಾದ ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಜೊತೆಗೆ ಬಾ ಎಂದು ನನ್ನನ್ನು ಕರೆದರು. ಅವರದು ಐರಿಷ್ ಪಾಸ್‌ಪೋರ್ಟ್. ನನಗೆ ವೀಸಾ ಬೇಕಿತ್ತು, ಅದರ ಅಪಾಯಿಂಟ್‌ಮೆಂಟೇ ಸಿಗುತ್ತಿರಲಿಲ್ಲ.

"ನೀವು ಹೋಗ್ಬಿಡಿ ಸರ್, ನಂಗೋಸ್ಕರ ಕಾಯ್ಬೇಡಿ."

"ಒಬ್ನೇ ಹೋಗಿ ಯಾರ್ ಹತ್ರ ಜಗಳ ಆಡ್ಲಿ? ನಿನ್ ವೀಸಾ ಬರ್ಲಿ ಕಣಯ್ಯಾ. ಅಲ್ಲೀವರ್ಗೂ ನಾನು ಗ್ರ್ಯಾಂಡ್!" ಆರಾಮಾಗಿದ್ದೇನೆ ಎನ್ನಲು ಇಲ್ಲಿನವರು ಬಳಸುವ ಆ ಮಾತು ಅವರಿಗೂ ಅಂಟಿತ್ತು.

ನಿಜವಾಗಿ ನನಗಾಗಿ ಕಾದರೋ, ಹೆದರಿದ್ದವರಿಗೆ ನನ್ನ ವೀಸಾ ಒಂದು ನೆಪವಾಯಿತೋ... ಇವತ್ತಿಗೂ ಬಗೆಹರಿದಿಲ್ಲ.

ವೀಸಾ ಬಂದಾಗ ಅಕ್ಟೋಬರ್, ಬೇಸಿಗೆ ಮುಗಿದಿತ್ತು. ಆದರೂ ಹೊರಟೆವು. ಹಾಕಾದ ಕೋಟೆಯ ಕಂದಕದಲ್ಲಿ ನೀರಿಲ್ಲ, ಜಿಂಕೆಗಳಿವೆ. ನಾವು ಇಳಿದುಕೊಂಡಿದ್ದ ಕೋಣೆಯಿಂದ ಅಷ್ಟು ಹತ್ತಿರವಿದ್ದ ಆ ಕೋಟೆಗೆ ಹೋಗುವಷ್ಟರಲ್ಲೇ ಅವರು ಸಿಕ್ಕಸಿಕ್ಕ ಕಟ್ಟೆಗಳ ಮೇಲೆ ಕೂತು ಕೂತು ಸುಧಾರಿಸಿಕೊಂಡರು. ಬಗ್ಗಿ ಜಿಂಕೆಗಳನ್ನು ನೋಡಿ ನಕ್ಕರು. "ಎದ್ರಿಗೇ ಬೆಟ್ಟ. ಇವಕ್ಕೂ ಹೋಗೋಕಾಗಲ್ಲ ನೋಡು."

ಮರುದಿನ ಘಾಟಿಯ ಬಸ್ಸು ಬಂತು. ಅವರು ಹತ್ತಲಿಲ್ಲ.

"ಮೇಲೆ ಗಾಳಿ ಸಾಲಲ್ಲ ನಂಗೆ. ನೀನ್ ನೋಡ್ಕೊಂಡ್ ಬಂದು ಹೇಳು."

"ನಾನೂ ಇಲ್ಲೇ ಇರ್ತೀನಿ ಸರ್."

"ಹೋಗೋ ಅಂದ್ರೆ ಹೋಗಬೇಕು!" ಅವರು ನನ್ನನ್ನು ಗದರಿದ್ದು ಅದೊಂದೇ ಸಲ.

ಮೇಲೆ ಮಂಜು. ರಸ್ತೆ ಗಡಿಯ ತನಕ ಹೋಗಿ, ಆಚೆ ಬರೀ ಬಿಳುಪಿನಲ್ಲಿ ಮುಗಿದುಹೋಗಿತ್ತು. ಸರಿಯಬಹುದೆಂದು ವಾಪಸ್ ಬಸ್ಸು ಬರುವವರೆಗೂ ನಿಂತೆ. ಸರಿಯಲಿಲ್ಲ. ಅವರಿಗೆ ಉಸಿರು ಕೊಡುವುದು ನನ್ನ ಕೈಲಿರಲಿಲ್ಲ. ನೋಟವೊಂದನ್ನು ಒಯ್ಯುವುದೂ ಆಗಲಿಲ್ಲ.

ಕೆಳಗೆ ಬಂದಾಗ, ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡು ನಿಲ್ದಾಣದಲ್ಲೇ ಕೂತಿದ್ದರು.

"ಆ ಕಡೆ ಹೇಗಿತ್ತೋ?"

ಮುಂದಿನ ಬೇಸಿಗೆಯನ್ನು ಅವರು ಕಾಣಲಿಲ್ಲ.

ಮೊನ್ನೆ ಕ್ಯಾಂಟೀನಿನಿಂದ ಎದ್ದು ಬಂದಾಗಿನಿಂದ, ಕೆಲಸದ ನಡುವೆಯೂ ಅದನ್ನೇ ಕೆದಕುತ್ತಿದ್ದೇನೆ. ಅವತ್ತು ನಾನು ಏನೆಂದೆ? ಮಂಜು, ಏನೂ ಕಾಣಲಿಲ್ಲ ಎಂದು ನಿಜ ಹೇಳಿದೆನೋ, ಹಸಿರು, ಹಳ್ಳಿ, ಬಿಸಿಲು ಎಂದು ಕಟ್ಟಿ ಹೇಳಿದೆನೋ... ಮುಖ ಎತ್ತಿ ಕಾಯುತ್ತಿದ್ದ ಅವರು ಕಣ್ಣಿಗೆ ಕಟ್ಟಿದಂತಿದ್ದಾರೆ. ನನ್ನ ಮಾತು ಮಾತ್ರ ಸಿಗುತ್ತಿಲ್ಲ. ಅದನ್ನು ಕೇಳಿಸಿಕೊಂಡವರು ಅವರೊಬ್ಬರೇ.