ನೆರೂಳ ಲೋಕಲಿನಲ್ಲಿ ತೊಟ್ಟ ಹಸಿರು ಬಳೆ

ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ ನೆರೂಳ ಲೋಕಲು ರೈಲು ನಿಲ್ಲುವ ಮೊದಲೇ ಹಾರಿ ಹತ್ತದಿದ್ದರೆ ಸೀಟು ಸಿಗುವುದಿಲ್ಲ. ನಾನೂ ಹಾಗೆ ಹಾರುತ್ತಿದ್ದವಳೇ. ಸ್ಟೇಷನ್ನಿನ ಮೆಟ್ಟಿಲ ಮೇಲೆ ನೂಕುನುಗ್ಗಲಿನಲ್ಲಿ ಬಿದ್ದ ಮೇಲೆ ಹಾರುವುದಿರಲಿ, ಚಪ್ಪಲಿ ಹಾಕಿ ಬಿಚ್ಚುವುದಕ್ಕೂ ಗಂಡ ಬಗ್ಗಬೇಕಾಯಿತು. ಬಿದ್ದ ದಿನ ನನಗೆ ಐದು ತಿಂಗಳು. ಮಗು ಉಳಿಯಲಿಲ್ಲ, ಸೊಂಟದ ನೋವು ಉಳಿಯಿತು.

ಆಮೇಲಿನ ಎರಡು ವರ್ಷ ನನ್ನ ದಿನವನ್ನು ಮಾತ್ರೆಗಳೇ ನಡೆಸಿದವು. ನರದ ಮಾತ್ರೆ ಬೆಳಿಗ್ಗೆ ನುಂಗಿದರೆ ನೆರೂಳದ ಆಫೀಸಿನಲ್ಲಿ ತೂಕಡಿಕೆ, ಬಿಟ್ಟರೆ ಕಾಲೆಲ್ಲ ಉರಿ. ಡಾಕ್ಟರನ್ನು ಕೇಳಿ ಅರ್ಧರ್ಧ ಮಾಡಿಕೊಂಡೆ. ಶನಿವಾರ ಫಿಸಿಯೋಥೆರಪಿ, ಗುರುವಾರ ಆಫೀಸು ಮುಗಿಸಿ ಕೌನ್ಸೆಲಿಂಗ್. ಅಲ್ಲಿನ ಮೇಡಂ ಒಳ್ಳೆಯವರು. ಬಿದ್ದ ಮೆಟ್ಟಿಲುಗಳ ಬಗ್ಗೆ ಅವರಿಗೆ ತಾಸುಗಟ್ಟಲೆ ಹೇಳಿದ್ದೆ. ಮಗುವಿನ ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ಗಂಡನೂ ಅದನ್ನು ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಇಬ್ಬರೂ ಮಹಾ ಜಾಣರು.

ಮಾತ್ರೆಗಳಿಂದ ಮೈ ಊದಿತ್ತು. ಒಂದು ಬೆಳಿಗ್ಗೆ ಲೇಡೀಸ್ ಡಬ್ಬಿಯಲ್ಲಿ ಸೊಂಟ ಹಿಡಿದು ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಕಲ್ಯಾಣದಿಂದ ಬಂದು ಕೋಪರಖೈರಣೆಯಲ್ಲಿ ಇಳಿಯುವ, ಬಿಜಾಪುರ ಕಡೆಯ ಒಬ್ಬ ಅಕ್ಕ ನನ್ನ ಕನ್ನಡ ಕೇಳಿ, "ಎಷ್ಟ ತಿಂಗಳಾತು ತಂಗಿ?" ಎಂದರು. ಕಾಲು ಉರಿಯುತ್ತಿತ್ತು. "ಮೂರು," ಎಂದುಬಿಟ್ಟೆ. ಅವರು ಎದ್ದು ನನ್ನನ್ನು ಕೂರಿಸಿದರು. ಕೂತ ಸುಖಕ್ಕೆ ಕಣ್ಣು ತುಂಬಿತು; ನಾಚಿಕೆಯಾದದ್ದು ರಬಾಳೆ ಸ್ಟೇಷನ್ ದಾಟಿದ ಮೇಲೆ.

ಮರುದಿನದಿಂದ ಅಕ್ಕನ ಗುಂಪಿನ ಹೆಂಗಸರು ಕಿಟಕಿ ಪಕ್ಕ ಕರವಸ್ತ್ರ ಹಾಸಿ ನನಗೆ ಜಾಗ ಹಿಡಿಯತೊಡಗಿದರು. ಒಬ್ಬರು ಉಪ್ಪು ಹಚ್ಚಿದ ನೆಲ್ಲಿಕಾಯಿ ತಂದರು, ಇನ್ನೊಬ್ಬರು ಡಿಂಕದ ಲಾಡು, ಅಂದರೆ ನಮ್ಮ ಅಂಟಿನುಂಡೆ. ನಾನು ನಾಚಿಕೆಗೆಟ್ಟು ಎಲ್ಲವನ್ನೂ ತಿಂದೆ. ನಿಜ ಹೇಳಬೇಕೆಂದೇ ದಿನಾ ಹತ್ತುತ್ತಿದ್ದೆ, ಸೀಟು ಕಂಡ ಕೂಡಲೇ ಸುಮ್ಮನಾಗುತ್ತಿದ್ದೆ.

ನಾಲ್ಕು ತಿಂಗಳ ಮೇಲೆ ಒಂದು ಶುಕ್ರವಾರ ಹತ್ತಿದರೆ ಡಬ್ಬಿಯ ಹಿಡಿಗಳಿಗೆಲ್ಲ ಸೇವಂತಿಗೆ ಮಾಲೆ. ಬಸುರಿಗೆ ಏಳನೆಯ ತಿಂಗಳ ಕುಬಸದ ಶಾಸ್ತ್ರವನ್ನು ಓಡುವ ಲೋಕಲಿನಲ್ಲೇ ಮಾಡುವುದು ಇಲ್ಲಿನ ಹೆಂಗಸರ ಪದ್ಧತಿ. ಹಿಂದೊಮ್ಮೆ ಬೇರೆಯವಳಿಗೆ ನಾನೇ ಹಾಡು ಹೇಳಿದ್ದೆ. ಆದರೂ ಇದು ನನಗೆ ಹೊಳೆದಿರಲಿಲ್ಲ. ಮರಾಠಿ ಹಾಡು ಶುರುವಾಯಿತು. ಅಕ್ಕ ನನ್ನ ಮಡಿಲಿಗೆ ರವಿಕೆ ಖಣ, ತೆಂಗಿನಕಾಯಿ ಇಟ್ಟು ಹಸಿರು ಬಳೆ ಏರಿಸತೊಡಗಿದರು. ಎರಡನೆಯ ಬಳೆಗೆ ಕೈ ಎಳೆದುಕೊಂಡೆ.

"ಅಕ್ಕಾ, ಮಗು ಇಲ್ಲ. ಇತ್ತು. ಎರಡು ವರ್ಷದ ಹಿಂದೆ ಬಿದ್ದೆ, ಆಗ ಹೋಯಿತು. ಸೊಂಟನೋವಿಗೆ ಕೂತುಕೊಳ್ಳಬೇಕಿತ್ತು, ಸುಳ್ಳು ಹೇಳಿದೆ."

ಅಕ್ಕ ಅದನ್ನು ಉಳಿದವರಿಗೆ ಮರಾಠಿಯಲ್ಲಿ ಹೇಳಿದರು. ಹಾಡು ನಿಂತಿತು. ಐರೋಳಿ ಬಂದಿತ್ತು, ಇಳಿದುಬಿಡೋಣವೆಂದು ಎದ್ದೆ. ಅಕ್ಕ ಭುಜ ಒತ್ತಿ ಕೂರಿಸಿದರು. ಮುಖದಲ್ಲಿ ಸಿಟ್ಟಿತ್ತು.

"ನೋವ ಐತಿ ಅಂದಿದ್ರೂ ಎದ್ದ ಜಾಗಾ ಕೊಡ್ತಿದ್ನಲ್ಲ," ಎಂದರು. ಆಮೇಲೆ ಅವರೇ ಕೇಳಿದರು: "ಆ ಕೂಸಿಗೆ ಕುಬಸ ಮಾಡಿದ್ರೇನ?"

"ಇಲ್ಲ ಅಕ್ಕ. ಏಳಕ್ಕೆ ಮಾಡುವಾ ಅಂತಿತ್ತು."

"ಹಂಗಾದ್ರ ಕೈ ಕೊಡು."

ಉಳಿದ ಬಳೆಗಳನ್ನು ಒಂದೊಂದಾಗಿ ಏರಿಸಿದರು. ಹಾಡು ಹೇಳುತ್ತಿದ್ದವರು ಬಿಟ್ಟ ಸಾಲಿನಿಂದಲೇ ಮತ್ತೆ ಎತ್ತಿಕೊಂಡರು. ನಾನು ಕೋಪರಖೈರಣೆಯವರೆಗೂ ಅತ್ತೆ, ಅಳಬೇಡ ಎಂದು ಯಾರೂ ಹೇಳಲಿಲ್ಲ.

ಸಂಜೆ ನಾನು ಮನೆ ಸೇರಿದಾಗ, ಹೋಟೆಲಿನ ಕೆಲಸ ಮುಗಿಸಿ ಬಂದಿದ್ದ ಗಂಡ ನನ್ನ ಕೈ ನೋಡಿ, "ಯಾರ ಮನೆ ಶಾಸ್ತ್ರ?" ಎಂದು ಕೇಳಿದರು.

"ನಮ್ಮ ಮಗುವಿನದು," ಎಂದೆ.

ಅವರು ದಿನದಂತೆ ನನ್ನ ಚಪ್ಪಲಿ ಬಿಚ್ಚಲು ಬಗ್ಗಿದರು. ಬಿಚ್ಚಿದ ಮೇಲೂ ಬಹಳ ಹೊತ್ತು ತಲೆ ಎತ್ತಲಿಲ್ಲ. ನಾನು ಬಳೆಯ ಕೈಯನ್ನು ಅವರ ತಲೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.