ಶಿವಕಾಂತಮ್ಮನವರ ಶಿಬಿರ, ಪಾಂಡುರಂಗರಾಯರ ಹೊಟ್ಟೆಕಿಚ್ಚು

ಹಳ್ಳಿಯ ಹುಡುಗ ಹುಡುಗಿಯರಿಗೆ ನಾಟಕ, ಹಾಡು, ಕುಣಿತಗಳ ತರಬೇತಿ ಕೊಡುವ ಬೇಸಿಗೆ ಶಿಬಿರಗಳು ಇಂದು ಕಲಬುರಗಿ ಜಿಲ್ಲೆಗೆ ಹೊಸವಲ್ಲ. ಆದರೆ ಆ ದಾರಿಯನ್ನು ಇಲ್ಲಿ ಮೊದಲು ತುಳಿದವರ ಮಾತು ಬಂದಾಗ, ಕಮಲಾಪುರದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಲೇ 1985ರಿಂದ 2006ರವರೆಗೆ ಒಂದು ಬೇಸಿಗೆಯನ್ನೂ ಬಿಡದೆ ಶಿಬಿರ ನಡೆಸಿದ ಶ್ರೀಮತಿ ಶಿವಕಾಂತಮ್ಮನವರ ಹೆಸರನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ. ಯಾವ ರಂಗಶಾಲೆಯ ಮೆಟ್ಟಿಲನ್ನೂ ಹತ್ತದೆ, ದೊಡ್ಡಾಟದ ಮೇಳದಲ್ಲಿದ್ದ ತಂದೆಯ ಕುಣಿತವನ್ನು ಹೆಂಗಸರ ಚಾಪೆಯ ಮೇಲೆ ಕೂತು ನೋಡಿಯೇ ಕಲಿತ ಈ ತಾಯಿ, ಸುಮಾರು ಒಂಬೈನೂರು ಮಕ್ಕಳನ್ನು ರಂಗದ ಮೇಲೆ ನಿಲ್ಲಿಸಿದರು. ಅವರು ಇದೇ ಮೇ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾದ ನಿಮಿತ್ತ ಈ ಅಭಿನಂದನ ಗ್ರಂಥ ಹೊರಬರುತ್ತಿದೆ.

ಸಂಪಾದಕ ಮಂಡಳಿಯು ಮೊದಲು ಲೇಖನ ಕೇಳಿದ್ದು ಆ ಶಿಬಿರಗಳ ಸಂಗೀತ ಶಿಕ್ಷಕರಾಗಿದ್ದ ಶ್ರೀ ಪಾಂಡುರಂಗರಾಯರನ್ನು. ಅವರು ಬರೆಯಲು ಒಪ್ಪಲಿಲ್ಲ. "ಹೊಗಳಿ ಬರಿಯವ್ರು ಭಾಳ ಮಂದಿ ಅದಾರ್ರಿ. ಇಪ್ಪತ್ತೆರಡು ವರ್ಷ ಅವರ ಬಾಜೂಕ ಕೂತು ಹೊಟ್ಟಿಕಿಚ್ಚು ಪಟ್ಟಾವ ನಾ ಒಬ್ಬನೇ. ನಾ ಹೇಳ್ತೀನಿ, ನೀವು ಬರ್ಕೋರಿ," ಎಂದರು. ಮುಂದಿರುವುದು ಅವರು ಹೇಳಿದ ಸಂಗತಿ. ಶಿವಕಾಂತಮ್ಮನವರೂ, ಇದರಲ್ಲಿ ಮುಂದೆ ಬರುವ ಅವರ ಶಿಷ್ಯೆ ಮಾನಮ್ಮನವರೂ ಓದಿ, ಅಚ್ಚಿಗೆ ಹೋಗಲಿ ಎಂದಿದ್ದಾರೆ.

ಪಾಂಡುರಂಗರಾಯರದು ಕಲಬುರಗಿಯ ಬ್ರಹ್ಮಪುರದ ಹಳೆಯ ಮನೆತನ. ಅಜ್ಜ ಕೀರ್ತನಕಾರರು, ಮನೆಯಲ್ಲಿ ಊಟಕ್ಕೆ ಕೂತಾಗ ಮರಾಠಿ, ಅಂಗಳಕ್ಕೆ ಬಂದರೆ ಕನ್ನಡ. ಧಾರವಾಡದಲ್ಲಿ ಆರು ವರ್ಷ ಗುರುಗಳ ಮನೆಯಲ್ಲಿದ್ದು ಗಾಯನ ಕಲಿತು, ನಾಟಕದ ಡಿಪ್ಲೊಮಾವನ್ನೂ ಪಡೆದು ಬಂದು, ನಗರದ ಒಂದು ಕಾಲೇಜಿನಲ್ಲಿ ಸಂಗೀತ ಶಿಕ್ಷಕರಾಗಿದ್ದರು. ಗ್ರಾಮೀಣ ಯುವಜನರಿಗಾಗಿ ಒಂದು ತಿಂಗಳ ಶಿಬಿರ ನಡೆಸುವ ಯೋಜನೆ ಬಂದಾಗ ಅದರ ನಿರ್ದೇಶಕರು ತಾವೇ ಎಂದು ಅವರು ನಂಬಿದ್ದರು. ತಾಯಿ ಭಾಗೀರಥಿಬಾಯಿಯವರು ಓಣಿಯಲ್ಲೆಲ್ಲ ಹೇಳಿಯೂ ಆಗಿತ್ತು. ಆದೇಶದ ಪತ್ರ ಬಂದಾಗ ಅದರಲ್ಲಿ ಮೊದಲ ಹೆಸರು ಕಮಲಾಪುರದ ಯಾವುದೋ ಕನ್ನಡ ಶಿಕ್ಷಕಿಯದಿತ್ತು. ರಾಯರ ಹೆಸರು ಅದರ ಕೆಳಗೆ, ಸಹಾಯಕ ಎಂಬ ಮಾತಿನೊಂದಿಗೆ ಇತ್ತು.

ಹುಮನಾಬಾದ ರಸ್ತೆಯ ಬಸ್ಸಿನಲ್ಲಿ ಹಾರ್ಮೋನಿಯಂ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋದ ಆ ಮೊದಲ ದಿನವೇ ಅವರು, ಈಕೆಗೆ ಏನು ಬರುತ್ತದೋ ನೋಡಿಯೇಬಿಡೋಣ ಎಂದು ನಿಶ್ಚಯಿಸಿದ್ದರಂತೆ. ನೋಡಿದರು. ಶಿವಕಾಂತಮ್ಮನವರು ನಲವತ್ತೆರಡು ಮಕ್ಕಳನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ನಿಮ್ಮ ಮನೆಯಲ್ಲಿ ಸಿಟ್ಟು ಬಂದಾಗ ಯಾರು ಹೇಗೆ ನಡೆಯುತ್ತಾರೆ, ನಡೆದು ತೋರಿಸಿರಿ ಎಂದರು. ತಲೆ ಎತ್ತಲು ಅಂಜುತ್ತಿದ್ದ ಹುಡುಗರು ಅರ್ಧ ಗಂಟೆಯಲ್ಲಿ ತಮ್ಮ ಸೋದರಮಾವಂದಿರನ್ನೂ ಅತ್ತೆಯಂದಿರನ್ನೂ ಅಂಗಳದ ತುಂಬ ನಡೆಸಿಬಿಟ್ಟರು. ಆಮೇಲೆ ರಾಯರ ಸರದಿ. ಅವರು ಸ್ವರಗಳನ್ನು ಒಂದೊಂದಾಗಿ ನುಡಿಸಿ ಹಾಡಿಸತೊಡಗಿದಾಗ ಹಿಂದಿನ ಸಾಲಿನ ಮೂವರು ನಿದ್ದೆ ಹೋದರು. ಮೂರನೆಯ ದಿನಕ್ಕೆ ಆಕೆಗೆ ಎಲ್ಲರ ಹೆಸರೂ ಬಾಯಿಪಾಠವಾಗಿತ್ತು. ರಾಯರು ಶಿಬಿರದ ಕೊನೆಯವರೆಗೂ ನಾಗಣ್ಣನನ್ನು ಮಾಪಣ್ಣ ಎಂದೇ ಕರೆದರು; ಆ ಹುಡುಗ ಪಾಪ ಓ ಎನ್ನುತ್ತಿದ್ದ.

ಹೆಣ್ಣುಮಕ್ಕಳನ್ನು ಕರೆತರಲು ಶಿವಕಾಂತಮ್ಮನವರು ಆ ಬಿಸಿಲಲ್ಲಿ ಮಹಾಗಾಂವ, ಡೊಂಗರಗಾಂವಗಳ ಮನೆಮನೆಗೆ ನಡೆದದ್ದು, ಶಾಲೆಯ ಕೋಣೆಯಲ್ಲಿ ಆ ಮಕ್ಕಳ ನಡುವೆಯೇ ಹಾಸಿಕೊಂಡು ಮಲಗಿದ್ದು ಇವನ್ನೆಲ್ಲ ಈ ಗ್ರಂಥದ ಬೇರೆ ಲೇಖನಗಳು ಹೇಳುತ್ತವೆ. ರಾಯರಿಗೆ ನೆನಪಿರುವ ಉಪಕಾರಗಳು ತಮಗೇ ಆದಂಥವು. ಎರಡನೆಯ ವರ್ಷ ಅವರು ಬಿಸಿಲು ಬಡಿದು ಬಿದ್ದಾಗ ಅಡುಗೆಯ ಅಕ್ಬರಿ ಬೇಗಂ ಮತ್ತು ಶಿವಕಾಂತಮ್ಮನವರು ಸರದಿಯ ಮೇಲೆ ಕೂತು, ಈರುಳ್ಳಿ ರಸವನ್ನು ಅಂಗಾಲಿಗೆ ತಿಕ್ಕಿ ಅವರನ್ನು ಎಬ್ಬಿಸಿದರು. ಪ್ರತಿ ಶಿಬಿರದ ಕೊನೆಯ ಪ್ರದರ್ಶನದಲ್ಲಿ ಆಕೆ ಮೊದಲು ಅವರ ಹೆಸರನ್ನೇ ಹೇಳಿ, ರಟ್ಟೆ ಹಿಡಿದು ಮುಂದೆ ನಿಲ್ಲಿಸುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಆ ಚಪ್ಪಾಳೆ ಆಕೆ ತಮಗೆ ಎತ್ತಿ ನೀಡಿದ ಭಿಕ್ಷೆ ಎನಿಸಿ, ರಾಯರಿಗೆ ಮೈಯೆಲ್ಲ ಉರಿಯುತ್ತಿತ್ತು. ಮರುದಿನದ ಪತ್ರಿಕೆಯಲ್ಲಿ ಒಂದು ಕಾಲಂ ತುಂಬ ಶಿವಕಾಂತಮ್ಮನವರು, ಕೊನೆಯ ಸಾಲಿನಲ್ಲಿ, ಹೆಸರೂ ತಪ್ಪಾಗಿ, "ಸಂಗೀತ: ಪಾಂಡುರಂಗಪ್ಪ."

ಡೊಂಗರಗಾಂವದ ಮಾನಮ್ಮ ಶಿಬಿರಕ್ಕೆ ಬಂದದ್ದು 1986ರಲ್ಲಿ. ಹದಿನಾಲ್ಕರ ಹುಡುಗಿ, ತಾಯಿ ಬಾಳೆಯ ತೋಟಗಳಲ್ಲಿ ಕೂಲಿ. ಬೀಸುವ ಪದ, ಮೊಹರಂ ಪದ ಎರಡನ್ನೂ ಎದೆಯಿಂದ ಎತ್ತಿ ಹಾಡುತ್ತಿದ್ದಳು. ಆ ದನಿಗೆ ರಸ್ತೆಯಲ್ಲಿ ಹೋಗುವ ಗಾಡಿಗಳು ನಿಲ್ಲುತ್ತಿದ್ದವು. ನಾಲ್ಕು ವರ್ಷ ರಾಯರು ಆ ದನಿಯನ್ನು ಕೇಳಿದರು. ಇಂಥ ದನಿ ತಮ್ಮ ಕೈಗೆ ಸಿಗಬೇಕಿತ್ತು, ಸಿಕ್ಕಿದ್ದು ರಾಗದ ಗಂಧವಿಲ್ಲದ ಈ ಹೆಂಗಸಿಗೆ ಎಂಬ ಸಂಕಟ ವರ್ಷವರ್ಷಕ್ಕೂ ಬೆಳೆಯಿತು. 1990ರ ಜೂನ್‌ನಲ್ಲಿ ಅವರು ಡೊಂಗರಗಾಂವಕ್ಕೆ ಹೋಗಿ ಮಾನಮ್ಮನ ತಾಯಿಗೆ, ಹುಡುಗಿ ನಮ್ಮ ಮನೆಯಲ್ಲಿ ನನ್ನ ತಾಯಿಯ ಹತ್ತಿರ ಇರಲಿ, ಶಾಸ್ತ್ರೀಯವಾಗಿ ಕಲಿಸಿ ರೇಡಿಯೋದ ಧ್ವನಿಪರೀಕ್ಷೆಗೆ ಕೂರಿಸುತ್ತೇನೆ ಎಂದರು. ನೋಡಿದವರಿಗೆ ಅದು ದೊಡ್ಡ ಮನಸ್ಸು. ಶಿವಕಾಂತಮ್ಮನವರು ಬೇಡ ಎನ್ನುತ್ತಾರೆ, ಆಗ ಜಗಳ ಆಡಬಹುದು ಎಂದು ರಾಯರು ಮಾತು ಜೋಡಿಸಿಕೊಂಡು ಆಮೇಲೆ ಕಮಲಾಪುರಕ್ಕೆ ಆಕೆಯ ಹತ್ತಿರ ಹೋದರು.

"ಭಾಳ ಛಲೋ ಆತ್ರಿ ಸರ," ಎಂದರು ಆಕೆ. "ನನ್ನ ಹತ್ರ ಇದ್ದದ್ದು ಆಕಿ ಎಲ್ಲಾ ಕಲತಾಳ. ಇನ್ನ ನೀವೇ ಕಲಸಬೇಕು."

ಜೋಡಿಸಿದ ಮಾತುಗಳೆಲ್ಲ ವ್ಯರ್ಥವಾಗಿ, ರಾಯರು ಆ ದಿನ ಸೋತವರಂತೆ ಮನೆಗೆ ಬಂದರು.

ಬ್ರಹ್ಮಪುರದ ಮನೆಯಲ್ಲಿ ಮಾನಮ್ಮ ಬೆಳಗಿನ ಜಾವ ಎದ್ದು ತಂಬೂರಿಯ ಮುಂದೆ ಕೂರುತ್ತಿದ್ದಳು. ರಾಯರು ಶ್ರದ್ಧೆಯಿಂದ ಕಲಿಸಿದರು, ಅದರಲ್ಲಿ ಕಳ್ಳತನವಿರಲಿಲ್ಲ. ಆದರೆ ಆ ದನಿಯಲ್ಲಿ ಕಮಲಾಪುರದ ಸುಳಿವು ಕಂಡಲ್ಲೆಲ್ಲ ತಡೆದರು. ಎತ್ತರಿಸಿದರೆ ಇಳಿಸು ಎಂದರು, ಬೀಸುವ ಪದ ಬಾಯಿಗೆ ಬಂದರೆ ಅದು ಹೊಲದ್ದು, ಮರೆತುಬಿಡು ಎಂದರು. ಮರುವರ್ಷ ಏಪ್ರಿಲ್ ಬಂದಾಗ ಹುಡುಗಿ ಶಿಬಿರಕ್ಕೆ ಹೋಗುತ್ತೇನೆಂದು ಬಟ್ಟೆ ಮಡಿಚತೊಡಗಿದಳು. ಆಗ ರಾಯರ ಬಾಯಿಂದ ಒಂದು ಸುಳ್ಳು ಬಂತು. ಶಿವಕಾಂತಮ್ಮನವರಿಗೆ ಈಗ ಹೊಸ ಮಕ್ಕಳು ಬಂದಿದ್ದಾರೆ, ಮಾನಮ್ಮ ಬರುವ ಅಗತ್ಯವಿಲ್ಲವೆಂದು ಹೇಳಿ ಕಳಿಸಿದ್ದಾರೆ ಎಂದರು. ಹುಡುಗಿ ಮಡಿಚಿದ ಬಟ್ಟೆಯನ್ನು ಮತ್ತೆ ಟ್ರಂಕಿಗೆ ಇಟ್ಟಳು. ಶಿಬಿರಕ್ಕೆ ಒಬ್ಬರೇ ಹೋದ ರಾಯರು ಅಲ್ಲಿ, ಅವಳು ಪರೀಕ್ಷೆಯ ತಯಾರಿಯಲ್ಲಿದ್ದಾಳೆ, ಬರಲು ಮನಸ್ಸಿಲ್ಲವಂತೆ ಎಂದು ಹೇಳಿದರು.

ಜುಲೈನಲ್ಲಿ ಧ್ವನಿಪರೀಕ್ಷೆ ಆಯಿತು. ಕಲಿತ ಚೀಜನ್ನು, ಆ ರಾಗದ ಹಾಡನ್ನು, ಮಾನಮ್ಮ ತಪ್ಪಿಲ್ಲದೆ, ಜೀವವಿಲ್ಲದೆ ಹಾಡಿದಳು. ಕೇಳುತ್ತಿದ್ದ ಹಿರಿಯರು ಮೃದುವಾಗಿ, ನಿಮ್ಮ ಊರಿನ ಯಾವುದಾದರೂ ಪದ ಬರುತ್ತದೆಯೇ ಎಂದು ಕೇಳಿದರು. ಅವಳು ಮೂರು ಸಲ ಎತ್ತಿದಳು. ಮೂರು ಸಲವೂ, ರಾಯರು ಬೆರಳೆತ್ತಿ ತಡೆಯುತ್ತಿದ್ದ ಜಾಗಕ್ಕೆ ಬಂದು ದನಿ ನಿಂತುಹೋಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅವಳು ಹೇಳಿದ್ದು ಒಂದೇ ಮಾತು: "ಸರ, ನನ್ನ ದನಿ ಎಲ್ಲಿ ಹೋತೋ ತಿಳಿವಲ್ದು." ಆ ವಾರವೇ ಡೊಂಗರಗಾಂವಕ್ಕೆ ಹೋದವಳು ತಾಯಿಯ ಜೊತೆ ತೋಟದ ಕೂಲಿಗೆ ಹತ್ತಿದಳು. ಹಾಡು ನಿಂತಿತು.

ಮರುವರ್ಷದ ಶಿಬಿರದಲ್ಲಿ ಒಂದು ಸಂಜೆ ಶಿವಕಾಂತಮ್ಮನವರು ಮಕ್ಕಳನ್ನೆಲ್ಲ ಊಟಕ್ಕೆ ಕಳಿಸಿ ರಾಯರ ಹತ್ತಿರ ಬಂದು ಕೂತರು. ಸಂತೆಯಲ್ಲಿ ಎರಡು ಸಲ ಮಾನಮ್ಮ ತಮ್ಮನ್ನು ಕಂಡು ಮುಖ ತಿರುಗಿಸಿ ಹೋದಳೆಂದೂ, ಕಲಬುರಗಿಗೆ ಕಳಿಸಿದ ಮೇಲೆ ತಾವು ಒಮ್ಮೆಯೂ ಹೋಗಿ ನೋಡಲಿಲ್ಲವೆಂದೂ, ಹುಡುಗಿಗೆ ಅದು ನೊಂದಿರಬೇಕೆಂದೂ ಹೇಳಿ, "ತಪ್ಪು ನಂದೇ ಅದರಿ. ನಾಳಿಗಿ ಹೋಗಿ ಆಕಿ ಕೈ ಹಿಡದು ಕೇಳ್ಕೋತೀನಿ," ಎಂದರು.

ಈ ಗಳಿಗೆಯ ಬಗ್ಗೆ ಹೇಳುವಾಗ ಪಾಂಡುರಂಗರಾಯರು ತಮಗೆ ಪಶ್ಚಾತ್ತಾಪವಾಯಿತೆಂದು ಹೇಳಲಿಲ್ಲ. ಹೊಟ್ಟೆ ಉರಿಯಿತು ಎಂದರು. ನಿರ್ದೇಶಕರ ಹೆಸರು ಆಕೆಗೆ, ಮಕ್ಕಳ ಪ್ರೀತಿ ಆಕೆಗೆ, ಪತ್ರಿಕೆಯ ಕಾಲಂ ಆಕೆಗೆ. ಕೊನೆಗೆ ತಾವು ಮಾಡಿದ ತಪ್ಪನ್ನೂ ಆಕೆಯೇ ತೆಗೆದುಕೊಂಡು ಹೋಗುತ್ತಿದ್ದಾರೆ ಎನಿಸಿತಂತೆ. ಅದನ್ನು ತಾಳಲಾರದೆ ಇದ್ದದ್ದನ್ನೆಲ್ಲ ಹೇಳಿಬಿಟ್ಟರು.

ಶಿವಕಾಂತಮ್ಮನವರ ಸಿಟ್ಟನ್ನು ರಾಯರು ಕಂಡದ್ದು ಅದೊಂದೇ ಸಲ.

"ನನಗ ಹೇಳಬ್ಯಾಡ್ರಿ ಇದು," ಎಂದರು ಆಕೆ. "ಡೊಂಗರಗಾಂವಕ್ಕ ಹೋಗಿ ಆಕಿಗಿ ಹೇಳ್ರಿ. ಹೇಳಿ ಬರೋತನಕ ಈ ಶಿಬಿರದಾಗ ಹಾರ್ಮೋನಿಯಂ ಪೆಟಗಿ ಮುಟ್ಟಬ್ಯಾಡ್ರಿ."

ಮರುದಿನ ಮುಂಜಾನೆ ರಾಯರು ನಡೆದೇ ಹೋದರು. ತೋಟದಲ್ಲಿ ಕೆಂಪು ಬಾಳೆಯ ಗೊನೆಗಳನ್ನು ಹೆಂಗಸರು ಹೊತ್ತು ತಂದು ಬದುವಿನ ಮೇಲೆ ಇಳಿಸುತ್ತಿದ್ದರು. ಮಾನಮ್ಮ ತಲೆಯ ಸಿಂಬಿ ತೆಗೆದು ನಿಂತಳು. ಉಳಿದ ಹೆಂಗಸರು ಕೇಳುತ್ತಿದ್ದಾರೆಂದು ಗೊತ್ತಿದ್ದೂ, ಎರಡು ಕಡೆಯೂ ತಾವು ಹೇಳಿದ ಸುಳ್ಳನ್ನು ಅವರು ಬಿಡಿಸಿ ಹೇಳಿದರು.

"ಸುಳ್ಳು ಇರಬೇಕಂತ ಆವಾಗೇ ಅನ್ನಿಸಿತ್ರಿ ಸರ," ಎಂದಳು. "ಆದ್ರ ಶಿವಕಾಂತಮ್ಮ ಬಾಯಾರಿಗಿ ಕೇಳಾಕ ಹೋಗಿ, ಖರೇನೇ ಆಗಿಬಿಟ್ರ ಏನ್ ಮಾಡ್ಲಿ ಅಂತ ಅಂಜಿ ಹೋಗ್ಲಿಲ್ಲ."

ಅಷ್ಟು ಹೇಳಿ ಸಿಂಬಿ ಇಟ್ಟುಕೊಂಡು ಇನ್ನೊಂದು ಗೊನೆ ತರಲು ಹೋದಳು. ರಾಯರು ಬದುವಿನ ಮೇಲೆ ಕೂತು ಅತ್ತರು. ಒಬ್ಬ ಮುದುಕಿ ನೀರು ಕೊಟ್ಟಳು.

ಮೂರು ದಿನದ ಮೇಲೆ ಮಾನಮ್ಮ ಶಿಬಿರಕ್ಕೆ ಬಂದಳು. ಹಾಡು ಎಂದು ಅವಳಿಗೆ ಯಾರೂ ಹೇಳಬಾರದೆಂದು ಶಿವಕಾಂತಮ್ಮನವರು ಕಟ್ಟಪ್ಪಣೆ ಮಾಡಿದ್ದರು. ಅವಳು ಸಣ್ಣ ಹುಡುಗಿಯರಿಗೆ ಹೆಜ್ಜೆ ಹೇಳಿಕೊಡುತ್ತ, ಉಳಿದ ಹೊತ್ತು ಅಡುಗೆಯ ಕೋಣೆಯಲ್ಲಿ ಅಕ್ಬರಿ ಬೇಗಂರ ಜೊತೆ ಇರುತ್ತಿದ್ದಳು. ಶಿಬಿರ ಮುಗಿಯಲು ಎರಡು ದಿನವಿರುವಾಗ, ಮಧ್ಯಾಹ್ನ, ಖಾರ ಅರೆಯುವ ಕಲ್ಲಿನ ಸದ್ದಿನ ಜೊತೆ ಒಳಗಿನಿಂದ ಒಂದು ಪದ ಕೇಳಿಬಂತು. ಗೋಡೆಯಾಚೆ ಕೂತಿದ್ದ ರಾಯರ ಕೈ ತಾನಾಗಿ ಪೆಟ್ಟಿಗೆಯ ಕಡೆ ಹೋಯಿತು, ಹಿಂದೆ ತೆಗೆದುಕೊಂಡರು. ದನಿ ಹಳೆಯದಾಗಿರಲಿಲ್ಲ, ನಡುವೆ ಒಡೆಯುತ್ತಿತ್ತು. ಆದರೆ ತಾವು ತಡೆಯುತ್ತಿದ್ದ ಆ ಜಾಗವನ್ನು ಅದು ದಾಟಿತು. ದಾಟಿದ ಮೇಲೆ, ತಾವೇ ಬ್ರಹ್ಮಪುರದಲ್ಲಿ ಕಲಿಸಿದ ಒಂದು ಸಣ್ಣ ತಿರುವನ್ನು ತೆಗೆದುಕೊಂಡು ಕೆಳಗಿಳಿಯಿತು.

ಮುಂದೆ ಮಾನಮ್ಮ ಶಿಬಿರದ ಸಹಾಯಕಿಯಾದರು. 1999ರಿಂದ ಹಾಡಿನ ತರಗತಿಗಳೆಲ್ಲ ಅವರವೇ. ಈ ಲೇಖನದ ಕರಡು ಓದಿ ಅವರು ಸೇರಿಸಲು ಹೇಳಿದ್ದು ಇಷ್ಟು: ಶ್ರುತಿ ಹಿಡಿಯುವುದನ್ನು ತಾನು ಕಲಿತದ್ದು ಪಾಂಡುರಂಗ ಸರ್ ಅವರಿಂದಲೇ, ಅದೂ ಅಚ್ಚಾಗಬೇಕು.

ಇಷ್ಟಾದ ಮೇಲೆ ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಿದರೆ ರಾಯರು ಇಲ್ಲ ಎಂದೇ ಹೇಳುತ್ತಾರೆ. 1998ರಲ್ಲಿ ಶಿವಕಾಂತಮ್ಮನವರಿಗೆ ದೊಡ್ಡ ಸನ್ಮಾನವಾದಾಗ ಮೂರನೆಯ ಸಾಲಿನಲ್ಲಿ ಕೂತು, ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟುತ್ತಲೇ ಒಳಗೆ ಬೆಂದರು. ಆ ವಾರ ಇಬ್ಬರೂ ವೇಷದ ಬಟ್ಟೆ ತರಲು ಕಲಬುರಗಿಯ ಪೇಟೆಯಾದ ಸೂಪರ್ ಮಾರ್ಕೆಟ್‌ಗೆ ಹೋಗಿದ್ದಾಗ, ಆಟೋಗಳ ಗದ್ದಲದ ನಡುವೆ ಅದನ್ನು ಆಕೆಯ ಮುಂದೆಯೇ ಹೇಳಿಬಿಟ್ಟರು. ಶಿವಕಾಂತಮ್ಮನವರು ಬಟ್ಟೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡುತ್ತ, "ಎಂಬತ್ತೈದರಿಂದ ಗೊತ್ತದರಿ ನನಗ. ಅದರ ಸಲುವಾಗೇ ನೀವು ಒಂದು ವರ್ಷನೂ ತಪ್ಪಸದ ಬಂದೀರಿ. ಪ್ರೀತಿ ಇದ್ದವ್ರು ನಾಕು ವರ್ಷಕ್ಕ ಬ್ಯಾಸತ್ತು ಹೋದ್ರು," ಎಂದು ಅಂಗಡಿಯವನಿಗೆ ಎಂಟು ಮೀಟರ್ ಹರಿಯಲು ಹೇಳಿದರು.

ಈ ವರ್ಷ ನಡೆಸಿದ ತಮ್ಮ ಕೊನೆಯ ಶಿಬಿರದ ಕೊನೆಯ ದಿನ ಶಿವಕಾಂತಮ್ಮನವರು ಇಡೀ ಪ್ರದರ್ಶನವನ್ನು ಮಾನಮ್ಮನವರಿಗೆ ಒಪ್ಪಿಸಿ, ಕೆಳಗೆ ಬಂದು ಬೆಂಚಿನ ಮೇಲೆ ರಾಯರ ಪಕ್ಕದಲ್ಲಿ ಕೂತರು. ನಾಟಕ ಮುಗಿಯಿತು. ಐವತ್ತು ಮಕ್ಕಳು ವೇಷದಲ್ಲಿಯೇ ಓಡಿಹೋಗಿ ಮಾನಮ್ಮನವರನ್ನು ಮುತ್ತಿಕೊಂಡರು. ಬೆಂಚಿನ ಕಡೆ ಒಂದು ಮಗುವೂ ಬರಲಿಲ್ಲ. ಇನ್ನು ಮೇಲೆ ಬಾಜೂಕ ಕೂತವರ ಕಷ್ಟ ನಿಮಗೂ ತಿಳಿಯುತ್ತದೆ ಎಂದು ರಾಯರು ಹೇಳಿದರು.

"ಆಗಲೇ ತಿಳಿಯಾಕತ್ತದರಿ ಸರ," ಎಂದರು ಶಿವಕಾಂತಮ್ಮನವರು, ಮಕ್ಕಳ ಮೇಲಿನ ಕಣ್ಣು ಕೀಳದೆ.

ರಾಯರು ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಇನ್ನಷ್ಟು ಜಾಗ ಮಾಡಿಕೊಟ್ಟರು. ಬರುವ ಬೇಸಿಗೆಗೂ, ಅದರಾಚೆಯ ಅನೇಕ ಬೇಸಿಗೆಗಳಿಗೂ ಆ ತಾಯಿ ಕಮಲಾಪುರದ ಅದೇ ಅಂಗಳಕ್ಕೆ ಗಟ್ಟಿಯಾದ ಕಾಲುಗಳಿಂದ ನಡೆದು ಬರಲಿ, ಮಕ್ಕಳಿಗೆ ತಿದ್ದಿ ಹೇಳುವ ಕೆಲಸವನ್ನು ಬೆಂಚಿನಿಂದಲೇ ಮುಂದುವರಿಸಲಿ ಎಂಬುದು ಸಂಪಾದಕ ಮಂಡಳಿಯ ಹಾರೈಕೆ. ಪಾಂಡುರಂಗರಾಯರ ಹಾರೈಕೆಯೂ ಅದೇ. ತಾವು ಹೋಗುವವರೆಗೂ ಆಕೆ ಇರಬೇಕು, ತಮಗಿಂತ ಒಂದು ದಿನ ಹೆಚ್ಚೇ ಇರಲಿ, ಅದಕ್ಕೆ ಮಾತ್ರ ತಾವು ಹೊಟ್ಟೆಕಿಚ್ಚು ಪಡುವುದಿಲ್ಲ ಎಂದು ಬರೆದುಕೊಳ್ಳಲು ಹೇಳಿದ್ದಾರೆ.