ಸೀಸೆಗೆ ಇಟ್ಟ ದೃಷ್ಟಿಬೊಟ್ಟು

ಎಪ್ಪತ್ತರ ದಶಕದಲ್ಲಿ, ನನಗಿನ್ನೂ ಮದುವೆಯಾಗುವ ಮೊದಲು, ಕರುಳು ತಿರುಚಿಕೊಂಡು ಸಾಯುವ ಹಾಗಾಗಿದ್ದೆ. ಹೊಳಲ್ಕೆರೆಯಿಂದ ದುರ್ಗದ ಆಸ್ಪತ್ರೆಯೊಂದಕ್ಕೆ ಒಯ್ದರು. ಕೆಟ್ಟ ಭಾಗ ಕತ್ತರಿಸಿ, ಉಳಿದದ್ದನ್ನು ಸೇರಿಸಿ ಹೊಲಿದರು. ಎಚ್ಚರವಾದಾಗ ನನ್ನ ಪಕ್ಕೆಯಿಂದ ರಬ್ಬರ್ ಕೊಳವೆಯೊಂದು ಹೊರಟು ಮಂಚದ ಕೆಳಗಿನ ಗಾಜಿನ ಸೀಸೆಗೆ ಇಳಿದಿತ್ತು. ಹೊಟ್ಟೆಯೊಳಗಿನ ಕೆಟ್ಟ ನೀರು ಅದರಲ್ಲಿ ತೊಟ್ಟಿಕ್ಕುತ್ತಿತ್ತು. ನೀರು ತಿಳಿಯಾಗುತ್ತ ಬಂದರೆ ಹುಡುಗಿ ಉಳಿದ ಹಾಗೆ. ಹಸಿರಾಗಿ ನಾತ ಹೊಡೆದರೆ ಒಳಗಿನ ಹೊಲಿಗೆ ಬಿಟ್ಟಿದೆ, ಮತ್ತೆ ಕೊಯ್ಯಬೇಕು, ಆಮೇಲೆ ದೇವರೇ ಗತಿ ಎಂದು ಡಾಕ್ಟರು ಅವ್ವನಿಗೆ ಹೇಳಿದ್ದು ನನಗೂ ಕೇಳಿಸಿತ್ತು.

ಮಲಗಿದ್ದಲ್ಲಿಂದ ನನ್ನ ಸೀಸೆ ನನಗೆ ಕಾಣುತ್ತಿರಲಿಲ್ಲ. ನೋಡಲು ಬಂದವರೆಲ್ಲ ಮೊದಲು ಬಗ್ಗಿ ಮಂಚದ ಕೆಳಗೆ ಇಣುಕಿ, ಆಮೇಲೆ ನನ್ನ ಮುಖ ನೋಡುತ್ತಿದ್ದರು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಅವ್ವ ಸೀಸೆಗೆ ಕಾಡಿಗೆಯ ದೃಷ್ಟಿಬೊಟ್ಟು ಇಟ್ಟಳು.

"ಸೀಸೆಗ್ಯಾರಾದ್ರೂ ಬೊಟ್ಟಿಡ್ತಾರೇನವ್ವ?" ಎಂದು ನಗಲು ಹೋದರೆ ಹೊಲಿಗೆ ಜಗ್ಗಿ ಕಣ್ಣಲ್ಲಿ ನೀರು ಬಂತು.

"ಸುಮ್ನೆ ಮಲಿಕ್ಕಳೇ. ಬಂದೋರ ಕಣ್ಣೆಲ್ಲ ಅದ್ರ ಮ್ಯಾಲೇ ಐತೆ."

ಪಕ್ಕದ ಮಂಚದಲ್ಲಿ ಯಲ್ಲದಕೆರೆ ಕಡೆಯ ಅಜ್ಜಿ, ಕುರಿ ಸಾಕುವ ಮನೆಯವಳು. ಅವಳಿಗೂ ಕರುಳಿನ ಆಪರೇಷನ್ನೇ, ಅಂಥದ್ದೇ ಸೀಸೆ. "ನಮ್ಮವ್ವ, ನಂದಕ್ಕೂ ಒಂದು ಇಡೇ," ಎಂದಳು. ಡಬ್ಬಿಯಲ್ಲಿ ಕಾಡಿಗೆ ಮುಗಿದಿತ್ತು. "ನಾಳೆ ತರಿಸಿ ಇಡ್ತೀನಜ್ಜಿ," ಎಂದಳು ಅವ್ವ.

ಮರುದಿನ ಅವ್ವ ಸ್ನಾನಕ್ಕೆ ಹೋಗಿದ್ದಾಗ ಆಯಾ ಎರಡೂ ಸೀಸೆ ತೊಳೆದು ತಂದಳು, ನರ್ಸಮ್ಮ ಜೋಡಿಸಿದಳು. ಅವ್ವ ಬಂದು ನೋಡಿದರೆ ಬೊಟ್ಟಿನ ಸೀಸೆ ಅಜ್ಜಿಯ ಮಂಚದ ಕೆಳಗಿತ್ತು. ಹರಳೆಣ್ಣೆಯ ಕಾಡಿಗೆ, ತೊಳೆದರೂ ಹೋಗಿರಲಿಲ್ಲ. ಅದಲುಬದಲು ಮಾಡಲು ಕೈ ಚಾಚಿದ ಅವ್ವನನ್ನು ನರ್ಸಮ್ಮ ಗದರಿದಳು: "ಟ್ಯೂಬ್ ಮುಟ್ಟಬ್ಯಾಡ್ರಿ! ತೊಳ್ದಿರೋ ಸೀಸೆ, ಯಾರ್ದಾದ್ರೇನು?"

ಅಜ್ಜಿಗೆ ಮಾತ್ರ ಖುಷಿಯೋ ಖುಷಿ. "ನೋಡೇ, ಕೇಳಿದ್ದು ತಾನಾಗೇ ಬಂತು."

ಸಂಜೆಯ ಹೊತ್ತಿಗೆ ವಾರ್ಡಿನಲ್ಲಿ ನಾತ ಎದ್ದಿತು. ಅವ್ವ ಮೊದಲು ನನ್ನ ಮಂಚದ ಕೆಳಗೆ ಬಗ್ಗಿದಳು. ತಿಳಿನೀರು. ಪಕ್ಕದ ಸೀಸೆಯಲ್ಲಿ ಬೊಟ್ಟಿನವರೆಗೂ ಹಸಿರು ಏರಿತ್ತು. ಅಜ್ಜಿಯನ್ನು ಮತ್ತೆ ಕೊಯ್ಯಲು ಒಯ್ದರು, ವಾಪಸು ತರಲಿಲ್ಲ. ಸೀಸೆ ಮಾತ್ರ ಖಾಲಿ ಮಂಚದ ಕೆಳಗೇ ಉಳಿದಿತ್ತು, ಬೊಟ್ಟು ನನ್ನ ಕಡೆಗೆ. ಅದು ನನಗೆ ಚೆನ್ನಾಗಿ ಕಾಣುತ್ತಿತ್ತು. ಹೆದರಿಕೆಯಾಗಿ ಗೋಡೆಯ ಕಡೆ ಮುಖ ಮಾಡಿದೆ.

ನನ್ನ ಕೊಳವೆ ತೆಗೆದರು, ಗಾಯ ಕೂಡಿಕೊಂಡಿತು. ಪಾಪ, ಅಜ್ಜಿಯ ಹೊಲಿಗೆ ಬಿಟ್ಟಿತ್ತು, ಅಷ್ಟೇ. ಹಾಗಂತ ಅವ್ವನಿಗೆ ಎಷ್ಟೋ ಸಲ ಹೇಳಿದೆ.

ಆ ದಶಕ ಮುಗಿಯುವುದರೊಳಗೆ ನನಗೆ ಮಗಳು ಹುಟ್ಟಿದಳು. ಕೂಸಿಗೆ ಎಣ್ಣೆನೀರು ಹಾಕಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಅವ್ವನ ಮುಂದೆ ನಾನೇ ಕಾಡಿಗೆ ಡಬ್ಬಿ ಇಟ್ಟೆ. ಬೆರಳಿಗೆ ಕಾಡಿಗೆ ತೆಗೆದುಕೊಂಡವಳು ಕೂಸಿನ ಕೆನ್ನೆಯ ಹತ್ತಿರ ಒಯ್ದು ನಿಲ್ಲಿಸಿದಳು. ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಬ್ಯಾಡ. ನಾವೇ ಗುರುತು ಮಾಡಿಕೊಡದು ಬ್ಯಾಡ. ಅವತ್ತು ಅದು ಬಂದಿದ್ದು ನಿನ್ನ ಹುಡುಕ್ಕಂಡು, ಬೊಟ್ಟು ನೋಡಿ ಅಜ್ಜಿನ ಒಯ್ತು."

ನಾನು ಡಬ್ಬಿಗೆ ಮುಚ್ಚಳ ಹಾಕಿದೆ.